ಪುಕ್ಕಟೆ ಬಾಕ್ಸ್ ಸಿಗುವ ಕಡೆ ಆಪಲ್ ಟಿವಿ ಯಾರಿಗೆ ಬೇಕು?

ಸಂತೆ ದಿನ ತಾಲೂಕು ಕೇಂದ್ರದ ಟಿವಿ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ನೋಡಿ. ಬಂದವರು ಕೇಳುವುದು ಮೂರೇ ಪ್ರಶ್ನೆ. ಎಷ್ಟು ಇಂಚು? ಎಷ್ಟು ರೂಪಾಯಿ? ಕೆಟ್ಟರೆ ರಿಪೇರಿಗೆ ಯಾರು ಬರ್ತಾರೆ? ಇದಕ್ಕೆ ಉತ್ತರ ಇಲ್ಲದ ಕಂಪನಿ ಎಷ್ಟೇ ದೊಡ್ಡದಿರಲಿ, ನಮ್ಮ ಮನೆ ಗೋಡೆ ಏರುವುದಿಲ್ಲ. ಕಂಪ್ಯೂಟರ್ ಮಾಡಿ ಬೆಳೆದ ಆಪಲ್ ಕಂಪನಿಯ ಟಿವಿ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ.

1993ರಲ್ಲೇ ಆಪಲ್ ಕಂಪ್ಯೂಟರ್ ಮತ್ತು ಟಿವಿ ಎರಡೂ ಆಗುವ 14 ಇಂಚಿನ ಒಂದು ಸೆಟ್ ತಂದಿತ್ತು. ಸುಮಾರು 10,000 ಮಾತ್ರ ತಯಾರಾದವು, ಕೆಲವೇ ತಿಂಗಳಲ್ಲಿ ನಿಂತೂ ಹೋಯಿತು.

ಆಮೇಲೆ 2007ರ ಜನವರಿ 9. ಸ್ಟೀವ್ ಜಾಬ್ಸ್ ಅವರು ಸ್ಯಾನ್ ಫ್ರಾನ್ಸಿಸ್ಕೋದ ಒಂದೇ ವೇದಿಕೆಯಲ್ಲಿ ಐಫೋನ್ ಮತ್ತು 'ಆಪಲ್ ಟಿವಿ' ಎರಡನ್ನೂ ತೋರಿಸಿದರು. ಅದೇ ದಿನ ಕಂಪನಿಯ ಹೆಸರಿನಿಂದ 'ಕಂಪ್ಯೂಟರ್' ಎಂಬ ಪದವನ್ನೂ ತೆಗೆದರು. ಆಪಲ್ ಟಿವಿ ಅಂದರೆ ಟಿವಿ ಅಲ್ಲ, ಇರುವ ಟಿವಿಗೆ ಜೋಡಿಸುವ 299 ಡಾಲರ್ ಬೆಲೆಯ ಬಾಕ್ಸ್. ಫೋನು ಜಗತ್ತನ್ನೇ ಬದಲಿಸಿತು. ಬಾಕ್ಸನ್ನು ಮಾತ್ರ ಕಂಪನಿಯವರೇ ವರ್ಷಗಟ್ಟಲೆ 'ಹವ್ಯಾಸ' ಎಂದು ಕರೆದರು.

ಒಂದೇ ದಿನ ಹುಟ್ಟಿದ ಎರಡರಲ್ಲಿ ಒಂದು ಗೆದ್ದು ಇನ್ನೊಂದು ಯಾಕೆ ಹಿಂದುಳಿಯಿತು? ಫೋನು ಒಬ್ಬರದು, ಎರಡು ಮೂರು ವರ್ಷಕ್ಕೆ ಬದಲಾಗುತ್ತದೆ. ಟಿವಿ ಇಡೀ ಮನೆಯದು, ಕೆಡುವ ತನಕ ಇರುತ್ತದೆ. ಇನ್ನೊಂದು ಕಾರಣವನ್ನು ಜಾಬ್ಸ್ ಅವರೇ 2010ರಲ್ಲಿ ಹೇಳಿದ್ದರು: ಕೇಬಲ್ ಕಂಪನಿಗಳು ಪುಕ್ಕಟೆಯಾಗಿಯೋ ಸಣ್ಣ ಬಾಡಿಗೆಗೋ ಬಾಕ್ಸ್ ಕೊಡುವಾಗ ಬೇರೆ ಬಾಕ್ಸಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅವರು ಹೇಳಿದ್ದು ಅಮೆರಿಕದ ಮಾತು. ಆದರೆ ಡಿಡಿ ಫ್ರೀ ಡಿಶ್ ಹಾಕಿಸಿಕೊಂಡು ತಿಂಗಳ ಬಾಡಿಗೆಯೇ ಇಲ್ಲದೆ ಚಂದನ ನೋಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಹೊಸಬರು ಟಿವಿ ಪೇಟೆಯಲ್ಲಿ ಗೆಲ್ಲುವುದೇ ಇಲ್ಲ ಅಂತಲ್ಲ. ಮೊಬೈಲ್ ಮಾರುತ್ತಿದ್ದ ಶಿಯೋಮಿ 2018ರಲ್ಲಿ 32 ಇಂಚಿನ ಸ್ಮಾರ್ಟ್ ಟಿವಿಯನ್ನು 13,999 ರೂಪಾಯಿಗೆ ತಂದಿತು, ಜನ ಕೊಂಡರು. 2022ರಲ್ಲಿ ಬಂದ ಆಪಲ್ ಟಿವಿ ಬಾಕ್ಸಿನ ಆರಂಭದ ಬೆಲೆಯೇ ಇಲ್ಲಿ 14,900 ರೂಪಾಯಿ. ಇಡೀ ಟಿವಿಗಿಂತ ಪರದೆ ಇಲ್ಲದ ಬಾಕ್ಸ್ ದುಬಾರಿ! ಕೋಲಾರದ ನರಸಾಪುರದ ಕಾರ್ಖಾನೆಯಲ್ಲಿ ನಮ್ಮ ಕಡೆಯ ಮಕ್ಕಳೇ ಐಫೋನ್ ಜೋಡಿಸುತ್ತಾರೆ. ಆದರೆ ಅದೇ ಕಂಪನಿಯ ಈ ಬಾಕ್ಸ್ ಅವರ ಹಳ್ಳಿ ಮನೆಯಲ್ಲಿ ಕಾಣುವುದು ಅಪರೂಪ.

ಇದು ಆಪಲ್‌ಗೂ ಅರ್ಥವಾಗಿದೆ. 2019ರಿಂದ ಅದು ದಾರಿ ಬದಲಿಸಿತು. ಸ್ಯಾಮ್‌ಸಂಗ್, ಎಲ್‌ಜಿಯಂಥ ಬೇರೆಯವರ ಟಿವಿಯೊಳಗೇ ತನ್ನ ಆ್ಯಪ್ ಕೂರಿಸಿತು. ಆ ವರ್ಷದ ನವೆಂಬರಿನಲ್ಲಿ ತನ್ನದೇ ಕಾರ್ಯಕ್ರಮಗಳನ್ನು ಭಾರತದಲ್ಲಿ ತಿಂಗಳಿಗೆ 99 ರೂಪಾಯಿಗೆ ಕೊಡಲು ಶುರು ಮಾಡಿತು. ಅಂದರೆ ಗೋಡೆ ಮೇಲಿನ ಜಾಗ ಬಿಟ್ಟು ಬಾಗಿಲು ಹಿಡಿಯಿತು. ಈ ಕಂಪನಿಗೆ ಟಿವಿಯಲ್ಲಿ ಭವಿಷ್ಯ ಇದ್ದರೆ ಅಲ್ಲೇ, ಸೆಟ್ ಮಾರುವುದರಲ್ಲಿ ಅಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ನಾವು ಎಚ್ಚರ ಇರಬೇಕಾದದ್ದೂ ಇಲ್ಲಿಯೇ. ಆಪಲ್ ಇರಲಿ, ಗೂಗಲ್ ಇರಲಿ, ಬಾಗಿಲು ಹಿಡಿದವನೇ ಟಿವಿ ಹಾಕಿದ ಕೂಡಲೇ ಮೇಲಿನ ಸಾಲಿನಲ್ಲಿ ಏನು ಕಾಣಬೇಕು ಎಂದು ತೀರ್ಮಾನಿಸುತ್ತಾನೆ. ಮೊದಲೆಲ್ಲ ಅಜ್ಜಿ ರಿಮೋಟಿನ ನಂಬರ್ ಒತ್ತಿದರೆ ಕನ್ನಡ ಚಾನೆಲ್ ಬರುತ್ತಿತ್ತು. ಈಗ ನಾಲ್ಕು ಪರದೆ ದಾಟಿ ಹುಡುಕಬೇಕು, ಅದೂ ಮೊಮ್ಮಗ ಮನೆಯಲ್ಲಿದ್ದರೆ.

ಆದ್ದರಿಂದ ಮುಂದಿನ ಸಲ ಟಿವಿ ತರುವಾಗ ಆ ಮೂರು ಪ್ರಶ್ನೆಯ ಜೊತೆಗೆ ನಾಲ್ಕನೆಯದನ್ನೂ ಕೇಳಿ: ಹಾಕಿದ ಕೂಡಲೇ ಕನ್ನಡ ಎಲ್ಲಿ ಬರುತ್ತೆ, ತೋರಿಸಿ. ತೋರಿಸಲಾಗದಿದ್ದರೆ ಮುಂದಿನ ಅಂಗಡಿಗೆ ಹೋಗಿ. ಮನೆ ಮೇಲಿನ ಡಿಶ್ ಅನ್ನು ಮಾತ್ರ ಸದ್ಯಕ್ಕೆ ಗುಜರಿಗೆ ಹಾಕಬೇಡಿ.