ಸ್ವಾತಂತ್ರ್ಯದ ಲೆಕ್ಕದಲ್ಲಿ ಎರಡು ಹೆಸರು

ಕಳೆದ ಮಳೆಗಾಲದಲ್ಲೊಂದು ದಿನ, ಮಧ್ಯಾಹ್ನದ ಬಿಡುವಿನ ವೇಳೆಯಲ್ಲಿ, ಹತ್ತನೆಯ ತರಗತಿಯ ಹುಡುಗರು ‘ಅಟ್ಯಾಕ್ ಆನ್ ಟೈಟನ್’ ಎಂಬ ಜಪಾನೀ ಚಿತ್ರಮಾಲೆಯ ವಿಷಯವಾಗಿ ವಾದಿಸುತ್ತಿದ್ದರು. “ಎರೆನ್ ಮಾಡಿದುದು ಸರಿಯೇ, ಸಾರ್?” ಎಂದು ನನ್ನನ್ನೇ ಕೇಳಿದರು. ನೋಡದೆ ತೀರ್ಪು ಕೊಡುವುದು ಅಧ್ಯಾಪಕನಿಗೆ ತಕ್ಕುದಲ್ಲ. ಆದುದರಿಂದ ರಜೆಯಲ್ಲಿ ಕುಳಿತು ನೋಡಿದೆನು.

ಇಸಾಯಾಮ ಹಾಜಿಮೆ 2009ರಿಂದ 2021ರವರೆಗೆ ರಚಿಸಿದ ಚಿತ್ರಕಥೆಯೇ ಅದರ ಮೂಲ. ಎತ್ತರದ ಗೋಡೆಗಳೊಳಗೆ ಬಂದಿಗಳಂತಿರುವ ಜನ. ಹೊರಗೆ ನರಭಕ್ಷಕ ದೈತ್ಯರು. ತಾಯಿಯನ್ನು ದೈತ್ಯನ ಬಾಯಿಗೆ ಕಳೆದುಕೊಂಡ ಬಾಲಕ ಎರೆನ್ ಸ್ವಾತಂತ್ರ್ಯಕ್ಕಾಗಿ ಹಂಬಲಿಸುತ್ತಾನೆ. ಕಡೆಗೆ ತನ್ನ ದ್ವೀಪದ ಜನ ಬದುಕಲೆಂದು ಕಡಲಾಚೆಯ ಲೋಕವನ್ನೇ ತುಳಿಸಿಬಿಡುತ್ತಾನೆ. ಸತ್ತವರಲ್ಲಿ ಅವನ ಹೆಸರನ್ನೇ ಕೇಳದ ಶಿಶುಗಳಿದ್ದರು.

ಕಥೆ ಜಪಾನಿನದು, ಪ್ರಶ್ನೆ ಮಾತ್ರ ನಮ್ಮದೂ ಹೌದು. ನಾನು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಕಡೆಯವನು. ಆ ತಾಲ್ಲೂಕಿನ ಈಸೂರಿನ ಜನರು 1942ರಲ್ಲಿ ತಮ್ಮ ಊರನ್ನು ಸ್ವತಂತ್ರವೆಂದು ಸಾರಿದರು. ವೀರಭದ್ರ ದೇವಾಲಯದ ಮೇಲೆ ಧ್ವಜವೇರಿಸಿದರು. ನಿಮ್ಮಂತಹ ಬಾಲಕರನ್ನೇ ಊರಿನ ಅಧಿಕಾರಿಗಳನ್ನಾಗಿ ನೇಮಿಸಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬುದು ಮನೆಮಾತಾಯಿತು. ಸೆಪ್ಟೆಂಬರ್ 28ರಂದು ಅಮಲ್ದಾರರು ಪೊಲೀಸರೊಡನೆ ಬಂದರು. ಘರ್ಷಣೆಯಾಯಿತು. ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಇಬ್ಬರೂ ಜನರ ಕೈಯಲ್ಲಿ ಹತರಾದರು. ಬಳಿಕ ಸೈನ್ಯ ಬಂದಿತು, ಮನೆಗಳು ಹಾಳಾದವು, ಜನ ಕಾಡು ಸೇರಿದರು. 1943ರ ಮಾರ್ಚ್ 8, 9, 10ರಂದು ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರು ಗಲ್ಲಿಗೇರಿದರು.

ಪ್ರತಿ ಆಗಸ್ಟ್ 15ರಂದು ಈ ಐದು ಹೆಸರುಗಳನ್ನು ನಮ್ಮಿಂದ ಬಾಯಿಪಾಠ ಹೇಳಿಸುತ್ತಿದ್ದರು. ಹೇಳುವಾಗ ಈಗಲೂ ನನ್ನ ಗಂಟಲು ಬಿಗಿಯುತ್ತದೆ. ಆದರೆ ಉಳಿದೆರಡು ಹೆಸರುಗಳನ್ನು ಯಾರೂ ಹೇಳಿಸಲಿಲ್ಲ, ನಾನೂ ಕೇಳಲಿಲ್ಲ. ಅವನ್ನು ಪುಸ್ತಕದಲ್ಲಿ ಓದಿದಾಗ ನಾನು ಅಧ್ಯಾಪಕನಾಗಿ ಪುಣೆಗೆ ಬಂದಾಗಿತ್ತು.

“ಅವರು ಸರ್ಕಾರದ ಆಳುಗಳಲ್ಲವೆ?” ಎಂದು ನೀವು ಕೇಳಬಹುದು. ಹೌದು. ದಬ್ಬಾಳಿಕೆಯ ಕೈಯಾಗಿಯೇ ಅವರು ಬಂದರು. ಇದನ್ನು ಮರೆಮಾಡುವುದು ಐವರಿಗೆ ಮಾಡುವ ಅನ್ಯಾಯ. ಆದರೂ ಅವರು ಕನ್ನಡಿಗರು, ಸಂಬಳಕ್ಕೆ ದುಡಿಯುತ್ತಿದ್ದವರು. ಅವರ ಸಾವೂ ಸಾವೇ. ಈಸೂರಿನವರ ಕೈ ಮೇಲೆದ್ದುದು ಘರ್ಷಣೆಯ ಕ್ಷಣದಲ್ಲಿ. ಅದಕ್ಕೆ ಅವರು ತಮ್ಮ ಪ್ರಾಣವನ್ನೇ ತೆತ್ತರು. ಎರೆನನಾದರೋ ಮುಂಚಿತವಾಗಿ ಎಣಿಸಿ, ಅಳುತ್ತಲೇ, ಲೋಕದ ಪ್ರಾಣವನ್ನು ತನ್ನ ಬೆಲೆಯಾಗಿ ತೆತ್ತನು. ಇವೆರಡೂ ಒಂದೇ ಎನ್ನಲಾರೆ. ಆದರೆ ಎರಡಕ್ಕೂ ನಡುವೆ ಒಂದು ದಾರಿಯಿದೆ. ನಮ್ಮವರ ಹೆಣಗಳನ್ನು ಮಾತ್ರ ಎಣಿಸುವ ಅಭ್ಯಾಸವೇ ಆ ದಾರಿಯ ಮೊದಲ ಹೆಜ್ಜೆ.

ಆ ಐವರು ಗಲ್ಲಿಗೇರುವುದಕ್ಕೆ ಕೆಲವೇ ದಿನಗಳ ಮುಂಚೆ, ನಮ್ಮ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂದಿಯಾಗಿದ್ದ ಗಾಂಧೀಜಿಯವರು 21 ದಿನಗಳ ಉಪವಾಸವನ್ನು ಮುಗಿಸಿದ್ದರು. ದೇಶದಲ್ಲಿ ನಡೆದ ಹಿಂಸೆಗೆ ಕಾಂಗ್ರೆಸ್ಸೇ ಹೊಣೆಯೆಂಬ ಸರ್ಕಾರದ ಆರೋಪವನ್ನು ಅವರು ಒಪ್ಪಲಿಲ್ಲ. ಪ್ರತಿಭಟನೆಗೆ ಪಣವಾಗಿಟ್ಟುದು ಮಾತ್ರ ತಮ್ಮ ಮುಪ್ಪಿನ ದೇಹವನ್ನು, ಇತರರದನ್ನಲ್ಲ. ಅದೇ ಬಂಧನದಲ್ಲಿ ಮಹಾದೇವ ದೇಸಾಯಿಯವರೂ ಕಸ್ತೂರಬಾ ಅವರೂ ತೀರಿಕೊಂಡರು. ಅವರಿಬ್ಬರ ಸಮಾಧಿಗಳು ಅಲ್ಲಿಯೇ ಇವೆ.

ಇದೇ ಚಳಿಗಾಲದಲ್ಲಿ ಆ ಹುಡುಗರನ್ನು ಅಲ್ಲಿಗೆ ಕರೆದೊಯ್ದು ಈಸೂರಿನ ಕಥೆ ಹೇಳಿದೆನು. ಎಲ್ಲರೂ ಐವರ ಹೆಸರನ್ನು ಬರೆದುಕೊಂಡರು. ಹಿಂದಿನ ಸಾಲಿನ ಹುಡುಗನೊಬ್ಬ ಮಾತ್ರ, “ಆ ಅಮಲ್ದಾರರ ಹೆಸರು ಇನ್ನೊಮ್ಮೆ ಹೇಳಿ, ಸಾರ್” ಎಂದನು. ಹೇಳಿದೆನು. ಅವನು ಅದನ್ನೂ ಬರೆದುಕೊಂಡನು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿದು: ಎರೆನ್ ಮಾಡಿದುದು ಸರಿಯಲ್ಲ. ಸ್ವಾತಂತ್ರ್ಯವನ್ನು ಬಯಸಿದುದು ಅವನ ತಪ್ಪಲ್ಲ. ಗೋಡೆಯಾಚೆಯವರ ಹೆಸರಿಗೆ ತನ್ನ ಲೆಕ್ಕದಲ್ಲಿ ಜಾಗವಿಡದುದು ತಪ್ಪು. ಈ ಸಲದ ಆಗಸ್ಟ್ 15ರಂದು ನಾವು ಐವರಿಗೆ ತಲೆಬಾಗೋಣ. ಬಳಿಕ ಒಂದು ನಿಮಿಷ ಮೌನವಾಗಿದ್ದು, ಆ ಇಬ್ಬರನ್ನೂ ನೆನೆಯೋಣ.