ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ!

ಕಳೆದ ಭಾನುವಾರ ರಾತ್ರಿ ಹತ್ತು ಗಂಟೆಗೆ ಹೋಳೂರಿನಿಂದ ಫೋನು. "ಮುಳುಗೋದ್ವಿ ಅಣ್ಣಾ! ತಾತ ಬಾಯಿ ಮುಚ್ಚಿದ ಮೇಲೆ ಮಾತು ಬರ್ತಾ ಇದೆ!"

ವಿಷಯ ಇಷ್ಟು. ಅಲ್ಲಿನ ನಾಲ್ಕು ಜನ ಹುಡುಗರು ಒಂದು ಕಿರುಚಿತ್ರ ತೆಗೆದಿದ್ದಾರೆ. ಮಾವಿನ ತೋಪು ಕಾಯುವ ಮುದುಕನ ಕಥೆ. ಒಬ್ಬನ ತಾತನೇ ಹೀರೋ! ಸಂಜೆ ತೋಪಿನಲ್ಲಿ ಹನ್ನೆರಡು ನಿಮಿಷ ಒಂದೇ ಶಾಟ್. ಚಿತ್ರ ಒಂದು ಮೊಬೈಲಿನಲ್ಲಿ, ಧ್ವನಿ ಇನ್ನೊಂದರಲ್ಲಿ. ಶೂಟಿಂಗ್ ಆದ ಎರಡು ತಿಂಗಳಿಗೆ ತಾತ ತೀರಿಕೊಂಡರು. ಇನ್ನು ರೀಟೇಕ್ ಎಲ್ಲಿ, ಡಬ್ಬಿಂಗ್ ಎಲ್ಲಿ? ಗುರುವಾರ ವರ್ಷದ ತಿಥಿ. ಅವತ್ತು ತೋಪಿನಲ್ಲೇ ಪರದೆ ಕಟ್ಟಿ ಊರಿಗೆ ತೋರಿಸುತ್ತೇವೆ ಅಂತ ಅಜ್ಜಿಗೆ ಮಾತು ಕೊಟ್ಟುಬಿಟ್ಟಿದ್ದಾರೆ.

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಹೋಗಿ ನೋಡಿದರೆ, ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿದ ಹಾಗೆ ಧ್ವನಿಯನ್ನು ಚೂರು ಚೂರು ಮಾಡಿ ಅತ್ತಿತ್ತ ಜರುಗಿಸುತ್ತಾ ಕೂತಿದ್ದಾರೆ! "ಸಾಫ್ಟ್‌ವೇರ್ ಕೆಟ್ಟೋಗಿದೆ ಅಣ್ಣಾ" ಅಂತ ಒಬ್ಬ. ಅದನ್ನು ಬೈಯೋದು ಬಹಳ ಸುಲಭ ಬಿಡಿ. ನಾನು ಕೇಳಿದ್ದು ಒಂದೇ: ಶುರುವಿನಲ್ಲಿ ತುಟಿಗೆ ಮಾತು ಕೂಡುತ್ತಾ? ಕೂಡುತ್ತೆ. ಕೊನೆಯಲ್ಲಿ? ಇಲ್ಲ. ಹಾಗಾದರೆ ಜರುಗಿಸಿ ಉಪಯೋಗ ಇಲ್ಲ. ಮೊದಲಿಂದ ಕೊನೆವರೆಗೂ ಒಂದೇ ಅಳತೆ ತಪ್ಪಿದ್ದರೆ ಜರುಗಿಸಿದರೆ ಸಾಕು. ಹೋಗ್ತಾ ಹೋಗ್ತಾ ಜಾಸ್ತಿ ತಪ್ಪುತ್ತಾ ಇದ್ದರೆ ವೇಗದಲ್ಲೇ ಎಡವಟ್ಟು.

ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ಅಂದರೆ 24. ಮೊಬೈಲು ಹಾಗಲ್ಲ. 30 ಅಂತ ಹೇಳಿಕೊಂಡರೂ ಮರದಡಿ ಬೆಳಕು ಇಳಿದ ಹಾಗೆ ಸದ್ದಿಲ್ಲದೆ ಕಮ್ಮಿ ತೆಗೆಯುತ್ತೆ. ಎಡಿಟಿಂಗ್ ಸಾಫ್ಟ್‌ವೇರ್ ಲೆಕ್ಕ ಹಾಕೋದು ಒಂದೇ ವೇಗ ಅಂತ. ಸೆಕೆಂಡಿಗೆ 30 ಮತ್ತು 29.97, ಈ ಚಿಲ್ಲರೆ ವ್ಯತ್ಯಾಸಕ್ಕೇ ಹತ್ತು ನಿಮಿಷದಲ್ಲಿ ಅರ್ಧ ಸೆಕೆಂಡಿಗೂ ಮೇಲೆ ತಪ್ಪುತ್ತೆ!

ಔಷಧಿ ಪುಕ್ಕಟೆ. ಹ್ಯಾಂಡ್‌ಬ್ರೇಕ್ ಅಂತ ಒಂದು ಸಾಫ್ಟ್‌ವೇರ್ ಇದೆ. ಅದರಲ್ಲಿ ವಿಡಿಯೋ ಹಾಕಿ, 30 ಆರಿಸಿ, 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಒತ್ತಿ ಹೊಸ ಫೈಲ್ ತೆಗೆಯಬೇಕು. ಕತ್ತರಿ ಹಾಕುವ ಮುಂಚೆ ಮಾಡಬೇಕಾದ ಕೆಲಸ ಇದು. ಮೂಲ ಫೈಲ್ ಅಳಿಸಬೇಡಿ ಮಾರಾಯರೇ! ನಾವೂ ತೆಗೆದೆವು. ಕೊನೆಯಲ್ಲಿ ಒಂದು ಫ್ರೇಮಿನಷ್ಟು ಉಳಿಯಿತು. ತಾತ ಬೀಡಿ ಹಚ್ಚುವಾಗ ಮಾತಿಲ್ಲ ನೋಡಿ, ಅಲ್ಲಿ ಧ್ವನಿ ಕತ್ತರಿಸಿ ಸರಿಸಿದೆವು.

ಚಹಾ ಕುಡಿದು ಬರುವಷ್ಟರಲ್ಲಿ ಇನ್ನೊಂದು ಕೂಗು. ಪರದೆ ತುಂಬ ಕೆಂಪು, 'ಮೀಡಿಯಾ ಆಫ್‌ಲೈನ್'! ಒಬ್ಬ ಮಹಾನುಭಾವ ಫೋಲ್ಡರಿನ ಹೆಸರು ಬದಲಾಯಿಸಿದ್ದ. ಪ್ರಾಜೆಕ್ಟ್ ಫೈಲಿನ ಒಳಗೆ ಚಿತ್ರ ಇರೋದಿಲ್ಲ, ಚಿತ್ರದ ವಿಳಾಸ ಮಾತ್ರ ಇರುತ್ತೆ. ಮನೆ ಬದಲಾಯಿಸಿದರೆ ಪೋಸ್ಟ್‌ಮ್ಯಾನ್ ಏನು ಮಾಡ್ಯಾನು? 'ಲಿಂಕ್ ಮೀಡಿಯಾ' ಒತ್ತಿ ಹೊಸ ವಿಳಾಸ ತೋರಿಸಿದೆ. ಕೆಂಪು ಹೋಯಿತು.

ಅಂದಹಾಗೆ, ಕೆ.ಜಿ.ಎಫ್. ಎರಡನೇ ಭಾಗ (2022) ನೋಡಿ ಶಿಳ್ಳೆ ಹೊಡೆದಿರಲ್ಲ, ಅದರ ಎಡಿಟರ್ ಉಜ್ವಲ್ ಕುಲಕರ್ಣಿಗೆ ಆಗ ಬರೀ 19 ವರ್ಷ. ಅಭಿಮಾನಿಯಾಗಿ ವಿಡಿಯೋ ಕತ್ತರಿಸುತ್ತಿದ್ದ ಹುಡುಗ. ಈ ಮಾತು ಕೇಳಿ ಹೋಳೂರಿನ ನಾಲ್ಕೂ ಜನ ಕಾಲರ್ ಸರಿ ಮಾಡಿಕೊಂಡರು.

ಕೊನೆಗೆ ಟೈಟಲ್. ತಾತನ ಹೆಸರಿನಲ್ಲಿ 'ಶ್ರೀ' ಇದೆ. ಪರದೆಯ ಮೇಲೆ ಬಂದದ್ದು 'ಶ್‌ರೀ'! ಅಜ್ಜಿ ಓದು ಬಲ್ಲವರು, ಇದನ್ನು ತೋರಿಸೋಕಾಗುತ್ತಾ? ಪ್ರೀಮಿಯರ್‌ನಲ್ಲಿ ಇದಕ್ಕೆ ದಾರಿ ಇದೆ. ಪ್ರೆಫರೆನ್ಸಸ್ ಒಳಗೆ ಗ್ರಾಫಿಕ್ಸ್, ಅಲ್ಲಿ 'ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್' ಆರಿಸಿ, ಯೂನಿಕೋಡ್ ಅಕ್ಷರದಲ್ಲಿ ಹೊಸದಾಗಿ ಟೈಪ್ ಮಾಡಬೇಕು. ಮೊಮ್ಮಗನೇ ಮಾಡಿದ. ಒತ್ತಕ್ಷರ ತನ್ನ ಜಾಗಕ್ಕೆ ಬಂದು ಕೂತಿತು. ಅವನು ಬಹಳ ಹೊತ್ತು ಅದನ್ನೇ ನೋಡ್ತಾ ಇದ್ದ. ನಾನು ಕೊನೆಯ ಬಸ್ಸಿಗೆ ಹೊರಟೆ.