ಹೆಂಗಸಿನ ವಯಸ್ಸು, ಹೆಂಗಸಿನ ಸಂಬಳ

ಹೆಂಗಸಿನ ವಯಸ್ಸು ಕೇಳಬಾರದು, ಗಂಡಸಿನ ಸಂಬಳ ಕೇಳಬಾರದು ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವರು. ಈ ಮಾತು ಕಟ್ಟಿದವರಿಗೆ ಹೆಂಗಸಿಗೂ ಒಂದು ಸಂಬಳ ಇರಬಹುದೆಂಬುದು ಹೊಳೆದೇ ಇರಲಿಲ್ಲವೆಂದು ಕಾಣುತ್ತದೆ. ನನಗೆ ಎರಡೂ ಇವೆ. ವಯಸ್ಸು 53. ಅದನ್ನು ಹೇಳಲು ನಾನು ಎಂದೂ ಸಂಕೋಚಪಟ್ಟವಳಲ್ಲ. ಸಂಬಳ ಹೇಳುವಾಗ ಮಾತ್ರ ನನ್ನ ನಾಲಿಗೆ ತಡವರಿಸುತ್ತಿತ್ತು. ಒಂದು ದಿನ ತಡವರಿಸದೆ, ಸಲೀಸಾಗಿ ಸುಳ್ಳನ್ನೇ ಹೇಳಿಬಿಟ್ಟೆ. ಈ ಬರಹ ಆ ಸುಳ್ಳಿನಿಂದ ಹುಟ್ಟಿದ್ದು.

2025ರ ಜೂನ್‌ನಲ್ಲಿ ನಮ್ಮ ಶಾಲೆಗೆ ಗಣಿತಕ್ಕೆ ಹೊಸ ಟೀಚರೊಬ್ಬಳು ಬಂದಳು. ಇಪ್ಪತ್ನಾಲ್ಕರ ಹುಡುಗಿ, ಚುರುಕು. ಮೊದಲ ಸಂಬಳ ಬಂದ ದಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಬಂದು ಕೂತಳು.

"ಮೇಡಂ, ನನಗೆ ಹದಿನೈದು ಸಾವಿರ ಕೊಟ್ಟಿದ್ದಾರೆ. ನನ್ನ ವಯಸ್ಸಿಗೆ, ಈ ಕೆಲಸಕ್ಕೆ ಅದು ಸರೀನಾ? ನಿಮಗೆಷ್ಟು ಬರುತ್ತೆ ಅಂತ ಗೊತ್ತಾದ್ರೆ, ಮುಂದೆ ನನಗೆ ಎಷ್ಟಾಗಬಹುದು ಅಂತ ಲೆಕ್ಕ ಹಾಕ್ಕೋಬಹುದು" ಎಂದಳು.

"ಇಪ್ಪತ್ತೈದರ ಹತ್ತಿರ ಬರುತ್ತಮ್ಮ" ಎಂದೆ.

ಅವಳ ಮುಖ ಅರಳಿತು. ನಾನು ಕಾಪಿ ಪುಸ್ತಕಗಳ ಮೇಲೆ ಬಗ್ಗಿದೆ. ನನ್ನ ಸಂಬಳ 16,500 ರೂಪಾಯಿ.

ನಾನು ಈ ಶಾಲೆಗೆ ಸೇರಿದ್ದು 1998ರ ಜೂನ್‌ನಲ್ಲಿ. ಅನುದಾನರಹಿತ ಖಾಸಗಿ ಪ್ರೌಢಶಾಲೆ. ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ಆ ಹುಡುಗಿಯ ಸಂಬಳಕ್ಕೂ ನನ್ನದಕ್ಕೂ ಇರುವ ವ್ಯತ್ಯಾಸ 1,500 ರೂಪಾಯಿ. ನನ್ನ ಸೇವೆ 27 ವರ್ಷ. ಭಾಗಿಸಿದರೆ ಒಂದು ವರ್ಷದ ಅನುಭವಕ್ಕೆ 55 ರೂಪಾಯಿ ಚಿಲ್ಲರೆ. ಒಂದು ಮಳೆಗಾಲ, ಒಂದು ಬೇಸಿಗೆ, ಒಂದು ಎಸ್ಸೆಸ್ಸೆಲ್ಸಿ ತಂಡ, ಇವೆಲ್ಲ ಸೇರಿ ತಿಂಗಳ ಸಂಬಳಕ್ಕೆ ಕೂಡಿದ್ದು ಒಂದು ಲೀಟರ್ ಹಾಲಿನ ದುಡ್ಡು!

ಇನ್ನೊಂದು ಲೆಕ್ಕ ನಮ್ಮ ಹೆಂಗಸರದು, ಚಿನ್ನದ ಲೆಕ್ಕ. 1998ರಲ್ಲಿ ನನಗೆ ಕೊಡುತ್ತಿದ್ದುದು 1,200 ರೂಪಾಯಿ. ಆಗ ಅಷ್ಟು ದುಡ್ಡಿಗೆ ಎರಡೂವರೆ ಗ್ರಾಮಿಗಿಂತ ಹೆಚ್ಚು ಚಿನ್ನ ಬರುತ್ತಿತ್ತು. 2025ರಲ್ಲಿ ಹತ್ತು ಗ್ರಾಮಿನ ಬೆಲೆ ಲಕ್ಷ ರೂಪಾಯಿ ದಾಟಿತು. ನನ್ನ 16,500ಕ್ಕೆ ಎರಡು ಗ್ರಾಮೂ ಬಾರದು. ಸಂಬಳ ಏರಿದೆ ಎಂದು ಆಡಳಿತ ಮಂಡಳಿ ಹೇಳುತ್ತದೆ. ಚಿನ್ನದಂಗಡಿಯವನನ್ನು ಕೇಳಿದರೆ ಇಳಿದಿದೆ ಎನ್ನುತ್ತಾನೆ. ನಾನು ಚಿನ್ನದಂಗಡಿಯವನನ್ನೇ ನಂಬುತ್ತೇನೆ.

ಈ ವಿಷಯ ಎತ್ತಿದೊಡನೆ ಮೊದಲು ಬರುವ ಉತ್ತರ ನಿಮಗೂ ಗೊತ್ತಿರುತ್ತದೆ. "ನಿಮಗೇನು ಮೇಡಂ, ಮನೆಯವರದು ಸಂಬಳ ಇದೆಯಲ್ಲ! ನಿಮ್ಮದು ಕೈಖರ್ಚಿಗಾಯ್ತು." ಇದನ್ನು ಆಡಳಿತ ಮಂಡಳಿಯವರು ಹೇಳಿದ್ದಾರೆ, ನೆಂಟರು ಹೇಳಿದ್ದಾರೆ, ಹರಿಶಿನ ಕುಂಕುಮಕ್ಕೆ ಬಂದ ಗೆಳತಿಯರೂ ಹೇಳಿದ್ದಾರೆ. ನಮ್ಮ ಶಾಲೆಯ ಗುಮಾಸ್ತರ ಹೆಂಡತಿಗೂ ಕೆಲಸವಿದೆ. ಅವರ ಸಂಬಳ ನಿಗದಿ ಮಾಡುವಾಗ ಹೆಂಡತಿಗೆಷ್ಟು ಬರುತ್ತದೆ ಎಂದು ಯಾರೂ ವಿಚಾರಿಸಲಿಲ್ಲ. ನನ್ನ ಸಂಬಳ ನಿಗದಿಯಾಗುವಾಗ ಮಾತ್ರ ನನ್ನ ಗಂಡನ ಉದ್ಯೋಗವೂ ಮೇಜಿನ ಮೇಲೆ ಬಂತು. ಹಾಗಾದರೆ ನನಗೆ ಕೊಡುತ್ತಿರುವುದು ಪಾಠ ಮಾಡಿದ್ದಕ್ಕೆ ಕೂಲಿಯೋ, ಮದುವೆಯಾಗಿದ್ದಕ್ಕೆ ಮುರಿದುಕೊಂಡ ರಿಯಾಯಿತಿಯೋ? ಗಂಡನಿಲ್ಲದವರಿಗೆ, ಗಂಡ ಕುಡಿದು ಕಳೆಯುವವರಿಗೆ ಈ ನ್ಯಾಯದಲ್ಲಿ ಹೆಚ್ಚು ಕೊಡಬೇಕಿತ್ತು. ಕೊಟ್ಟಿದ್ದನ್ನು ನಾನು ಕಂಡಿಲ್ಲ.

ಎರಡನೆಯ ಉತ್ತರ ಇನ್ನೂ ನಾಜೂಕಿನದು. ಶಿಕ್ಷಕ ವೃತ್ತಿ ಪವಿತ್ರವಾದದ್ದು, ಅದನ್ನು ದುಡ್ಡಿನಿಂದ ಅಳೆಯಬಾರದು. ಸೆಪ್ಟೆಂಬರ್ 5ರಂದು ಹಾರ ಹಾಕಿ, ಶಾಲು ಹೊದಿಸಿ ಹೇಳುವ ಮಾತು ಇದೇ. ಈ ಪವಿತ್ರ ಪದಕ್ಕೆ ನಾವು ತೆತ್ತ ಬೆಲೆ ಎಷ್ಟೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1988ರಲ್ಲಿ ಗೋವಾದ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಎಂದಿತು. ಪಾಠ ಹೇಳುವುದು ಉದಾತ್ತವಾದ ವೃತ್ತಿ ಎಂಬುದೂ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಹರಿಯಾಣ ಸರ್ಕಾರ ಖಾಸಗಿ ಶಾಲೆಗಳ ಶಿಕ್ಷಕರಿಗೆ ಕನಿಷ್ಠ ವೇತನ ಗೊತ್ತುಮಾಡಲು ಹೊರಟಾಗ, 1948ರ ಕನಿಷ್ಠ ವೇತನ ಕಾಯ್ದೆ ಶಿಕ್ಷಕರಿಗೆ ಅನ್ವಯಿಸದು ಎಂದು 1996ರಲ್ಲಿ ಅದೇ ನ್ಯಾಯಾಲಯ ತೀರ್ಪು ಕೊಟ್ಟಿತು. ಶಾಲೆಯ ಕಟ್ಟಡಕ್ಕೆ ಇಟ್ಟಿಗೆ ಹೊತ್ತವಳಿಗೆ ಇಷ್ಟಕ್ಕಿಂತ ಕಡಿಮೆ ಕೊಡಬಾರದೆಂದು ಕಾನೂನಿತ್ತು. ಆ ಕಟ್ಟಡದೊಳಗೆ ಪಾಠ ಮಾಡುವವಳಿಗೆ ಇರಲಿಲ್ಲ. ಅವಳು ಪವಿತ್ರಳು!

ಗ್ರಾಚ್ಯುಯಿಟಿಯ ಕಥೆಯೂ ಇಂಥದೇ. ಅದರ ಕಾಯ್ದೆ ಬಂದದ್ದು 1972ರಲ್ಲಿ. ಶಿಕ್ಷಣ ಸಂಸ್ಥೆಗಳಿಗೂ ಅದು ಅನ್ವಯಿಸುತ್ತದೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದು 1997ರ ಏಪ್ರಿಲ್ 3ರಂದು. ಆದರೆ ಕಾಯ್ದೆಯಲ್ಲಿ 'ನೌಕರ' ಎಂಬ ಪದಕ್ಕೆ ಕೊಟ್ಟ ಅರ್ಥದೊಳಗೆ ಶಿಕ್ಷಕರು ಬರುವುದಿಲ್ಲವೆಂದು 2004ರಲ್ಲಿ ತೀರ್ಪಾಯಿತು. ಅಂದರೆ ಗಂಟೆ ಬಾರಿಸುವವನಿಗೆ ಸಿಗುತ್ತದೆ, ಗಂಟೆ ಕೇಳಿ ಕ್ಲಾಸಿಗೆ ಹೋಗುವವಳಿಗೆ ಇಲ್ಲ. 2009ರಲ್ಲಿ ಸಂಸತ್ತು ತಿದ್ದುಪಡಿ ತಂದು, 1997ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನೂ ಸೇರಿಸಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಶಿಕ್ಷಕಿಯೂ ನೌಕರಳೇ ಎಂಬ ಒಂದು ಸರಳ ಮಾತು ಇತ್ಯರ್ಥವಾಗಲು ಇಪ್ಪತ್ತೈದು ವರ್ಷ ಬೇಕಾಯಿತು. ನಾನು ಸೇರಿದಾಗ ಹುಟ್ಟಿದ ಮಗು ಅಷ್ಟರಲ್ಲಿ ಬಿ.ಎಡ್. ಮುಗಿಸಿರುತ್ತದೆ.

ಖಾಸಗಿಯವರನ್ನಷ್ಟೇ ದೂರಿದರೆ ಅನ್ಯಾಯವಾದೀತು. ಸರ್ಕಾರವೂ ಈ ವಿದ್ಯೆಯಲ್ಲಿ ಪಳಗಿದ್ದೇ. ಅದು ಕಂಡುಹಿಡಿದ ಪದ 'ಗೌರವಧನ'. ಅಂಗನವಾಡಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ತಿ. ನರಸೀಪುರದಲ್ಲಿ. ಅಂದಿನಿಂದ ಐವತ್ತು ವರ್ಷ ಕಳೆದರೂ ಅಲ್ಲಿ ದುಡಿಯುವವರಿಗೆ ಸಿಗುವುದಕ್ಕೆ ಸಂಬಳ ಎಂಬ ಹೆಸರಿಲ್ಲ. 2018ರ ಅಕ್ಟೋಬರ್‌ನಲ್ಲಿ ಕಾರ್ಯಕರ್ತೆಯ ಗೌರವಧನದ ಕೇಂದ್ರದ ದರವನ್ನು 4,500 ರೂಪಾಯಿ ಮಾಡಿದರು, ಸಹಾಯಕಿಗೆ 2,250. ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸುತ್ತದೆ. ಇವರು ಸರ್ಕಾರಿ ಹುದ್ದೆಯಲ್ಲಿ ಇರುವವರಲ್ಲ ಎಂದು 2006ರಲ್ಲಿ ತೀರ್ಪಾದದ್ದೂ ನಮ್ಮ ರಾಜ್ಯದ ಮೊಕದ್ದಮೆಯಲ್ಲೇ. ಗ್ರಾಚ್ಯುಯಿಟಿಯ ಹಕ್ಕು ಇವರಿಗೆ ಇದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರಿಗೆ 2025-26ರ ರಾಜ್ಯ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಳ ಘೋಷಿಸಿದರು. ಹೆಚ್ಚಿಸಿದ ಮೇಲೂ ಅದು ಹನ್ನೆರಡು ಸಾವಿರದ ಆಸುಪಾಸು. ಅದೇ ರಾಜ್ಯದಲ್ಲಿ ಏಳನೇ ವೇತನ ಆಯೋಗದಂತೆ 2024ರ ಆಗಸ್ಟ್ 1ರಿಂದ ಸರ್ಕಾರಿ ನೌಕರರ ಅತಿ ಕೆಳಗಿನ ಮೂಲವೇತನ 27,000. ಆ ನೌಕರರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರು ಸಂಘ ಕಟ್ಟಿ, ಕೇಳಿ ಪಡೆದರು. ನಾನು ಹೇಳುವುದಿಷ್ಟೇ. ಗೌರವ ಹೆಚ್ಚಿದಲ್ಲೆಲ್ಲ ಧನ ಕಡಿಮೆಯಾಗಿದೆ, ಅಂಥ ಕಡೆಯಲ್ಲೆಲ್ಲ ಹೆಂಗಸರೇ ತುಂಬಿದ್ದಾರೆ. ಇದು ಆಕಸ್ಮಿಕವೆಂದು ನನಗೆ ಯಾರೂ ಹೇಳಬೇಡಿ.

ಆಡಳಿತ ಮಂಡಳಿಯ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳಲಾರೆ. ತಾಲ್ಲೂಕು ಕೇಂದ್ರದ ಸಣ್ಣ ಶಾಲೆ ನಮ್ಮದು. ಫೀಸು ಹೆಚ್ಚಿಸಿದರೆ ಮಕ್ಕಳು ಬಿಟ್ಟುಹೋಗುತ್ತಾರೆ, ಅನುದಾನವಿಲ್ಲ, ಎರಡನೆಯ ಕಂತು ಕಟ್ಟದ ಪೋಷಕರೂ ಇದ್ದಾರೆ. ಎಲ್ಲ ನಿಜ. ಆದರೆ ಡೀಸೆಲ್ ಬೆಲೆ ಏರಿದಾಗ ಶಾಲೆಯ ವ್ಯಾನಿನ ಫೀಸು ಏರುತ್ತದೆ. ಕರೆಂಟ್ ಬಿಲ್ ಬಂದಾಗ, ಇದು ವಿದ್ಯಾಮಂದಿರ, ಸೇವೆಯೆಂದು ತಿಳಿದು ಅರ್ಧ ತೆಗೆದುಕೊಳ್ಳಿ ಎಂದು ಲೈನ್‌ಮನ್‌ಗೆ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಕೊಟ್ಟು ಮಿಕ್ಕಿದ್ದು ಟೀಚರಿಗೆ. ಮನೆಯಲ್ಲಿ ಎಲ್ಲರೂ ಉಂಡು ಮಿಕ್ಕಿದ್ದನ್ನು ಉಣ್ಣುವ ಅಭ್ಯಾಸ ನಮಗಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ವಯಸ್ಸಿಗೂ ಕೆಲಸಕ್ಕೂ ತಕ್ಕ ಸಂಬಳ ಯಾವುದು? ತಲೆಗೂದಲು ನರೆತದ್ದಕ್ಕೆ ದುಡ್ಡು ಕೊಡಿ ಎಂದು ನಾನು ಕೇಳುವುದಿಲ್ಲ. ಆ ಹೊಸ ಹುಡುಗಿ ಬೀಜಗಣಿತವನ್ನು ಹೇಳಿಕೊಡುವ ರೀತಿ ನೋಡಿ ನಾನೇ ಬೆರಗಾಗಿದ್ದೇನೆ. ವಯಸ್ಸು ಅರ್ಹತೆಯಲ್ಲ. ಆದರೆ ಅನುಭವ ಅರ್ಹತೆ. ಬರವಣಿಗೆ ದೊಡ್ಡದಾಗುತ್ತ ಬಂದರೆ ಆ ಮಗುವಿನ ಕಣ್ಣು ಪರೀಕ್ಷೆ ಮಾಡಿಸಬೇಕು, ಸೋಮವಾರ ತೂಕಡಿಸುವ ಹುಡುಗ ಭಾನುವಾರವೆಲ್ಲ ಎಲ್ಲೋ ದುಡಿದಿದ್ದಾನೆ, ಒಂಬತ್ತನೇ ಕ್ಲಾಸಿನ ಹುಡುಗಿ ಮೂರು ದಿನ ಬಾರದಿದ್ದರೆ ನಾಲ್ಕನೆಯ ದಿನ ಮನೆಗೆ ಹೋಗಿ ವಿಚಾರಿಸಬೇಕು — ಇದನ್ನು ಬಿ.ಎಡ್.ನಲ್ಲಿ ನನಗೆ ಯಾರೂ ಕಲಿಸಲಿಲ್ಲ. ಇಪ್ಪತ್ತೇಳು ವರ್ಷ ಕಲಿಸಿತು.

ಅದಕ್ಕೇ ನನ್ನದೊಂದು ಅಳತೆಗೋಲಿದೆ. ಅದರಲ್ಲಿ ಮೂರೇ ಪ್ರಶ್ನೆ. ಇದೇ ಪಠ್ಯಪುಸ್ತಕ, ಇದೇ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೇರೆ ಕಡೆ ಪಾಠ ಮಾಡುವವರಿಗೆ ಎಷ್ಟು ಕೊಡುತ್ತಾರೆ? ಪ್ರತಿ ವರ್ಷವೂ ಕೇಳದೆಯೇ ಸೇರುವ ಬಡ್ತಿ ಇದೆಯೇ? ಕೆಲಸ ಬಿಡುವ ದಿನ ಕೈಗೆ ಏನು ಬರುತ್ತದೆ? ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ಸಂವಿಧಾನದ 39ನೇ ವಿಧಿ ಸರ್ಕಾರಕ್ಕೆ ದಾರಿ ತೋರಿಸಿದೆ. ನಾವು ಪೌರನೀತಿಯಲ್ಲಿ ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಮೂರನೆಯ ಪ್ರಶ್ನೆಗೆ ಉತ್ತರವನ್ನು ನೀವೇ ಲೆಕ್ಕ ಹಾಕಬಹುದು. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿ. ನನ್ನದು ಸುಮಾರು ಎರಡೂವರೆ ಲಕ್ಷ ಬಂತು. ಅದು ಯಾರ ದಾನವೂ ಅಲ್ಲ. ಇದನ್ನು ತಪ್ಪಿಸಲೆಂದೇ ಪ್ರತಿ ಮಾರ್ಚಿಯಲ್ಲಿ ರಾಜೀನಾಮೆ ಬರೆಸಿಕೊಂಡು ಜೂನ್‌ನಲ್ಲಿ ಹೊಸದಾಗಿ ಸೇರಿಸಿಕೊಳ್ಳುವ ಶಾಲೆಗಳಿವೆ. ನನ್ನ ಗೆಳತಿಯೊಬ್ಬಳು ಹೀಗೆ ಹನ್ನೊಂದು ಸಲ 'ಹೊಸಬಳಾಗಿದ್ದಾಳೆ'. ಒಂದು ಮೊತ್ತಕ್ಕೆ ಸಹಿ ಹಾಕಿಸಿ ಇನ್ನೊಂದು ಮೊತ್ತ ಕೈಗಿಡುವುದೂ ಅವಳಿಗೆ ಗೊತ್ತು. ನೇಮಕದ ಆದೇಶ, ಬ್ಯಾಂಕಿಗೆ ಬರುವ ಸಂಬಳ, ಸಂಬಳದ ಚೀಟಿ, ಇವು ಮೂರಿಲ್ಲದೆ ಕೆಲಸಕ್ಕೆ ಸೇರಬೇಡಿ ಎಂದು ನಾನು ಕಿರಿಯರಿಗೆ ಹೇಳುವುದು ಅದಕ್ಕೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ಆ ವರ್ಷವೇ ದೀಪಾವಳಿಗೆ ಮುಂಚೆ, ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ಹೆಂಗಸು, "ಅಮ್ಮಾ, ತಿಂಗಳಿಗೆ ಮುನ್ನೂರು ಜಾಸ್ತಿ ಮಾಡಿ" ಎಂದಳು. ಹದಿನಾಲ್ಕು ವರ್ಷದಿಂದ ಇದ್ದಾಳೆ. ನನ್ನ ಬಾಯಿಂದ ತಟ್ಟನೆ ಬಂದ ಮಾತು: "ನಿನ್ನ ಮಗ ಈಗ ಗ್ಯಾರೇಜಿಗೆ ಹೋಗ್ತಾನಲ್ಲೇ, ನಿನಗೇನು ಕಷ್ಟ?"

ಹೇಳಿದ ಮೇಲೆ ಆ ದನಿ ಯಾರದೆಂದು ಗುರುತು ಸಿಕ್ಕಿತು. ಅದು ನಮ್ಮ ಕಾರ್ಯದರ್ಶಿಗಳ ದನಿ. ನಾಚಿಕೆಯಾಗಬೇಕಾದದ್ದು 16,500ಕ್ಕಲ್ಲ, ಈ ಮಾತಿಗೆ. ಮುನ್ನೂರು ಹೆಚ್ಚಿಸಿದೆ, ಇನ್ನು ಮುಂದೆ ಪ್ರತಿ ಯುಗಾದಿಗೆ ಅವಳು ಕೇಳುವ ಮುಂಚೆಯೇ ಹೆಚ್ಚಿಸಬೇಕೆಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ನಾವು ಕೊಡುವ ಜಾಗದಲ್ಲಿ ಕೂತಾಗ ಮಾಡುವುದನ್ನೇ, ತೆಗೆದುಕೊಳ್ಳುವ ಜಾಗದಲ್ಲಿ ನಿಂತಾಗ ಅನ್ಯಾಯವೆಂದರೆ ಯಾರು ಕಿವಿಗೊಡುತ್ತಾರೆ?

ಮಾರನೆಯ ದಿನ ಆ ಗಣಿತದ ಹುಡುಗಿಯನ್ನು ಕರೆದು, "ನಾನು ಅವತ್ತು ಸುಳ್ಳು ಹೇಳಿದೆ ಕಣಮ್ಮ" ಎಂದು ನಿಜವಾದ ಮೊತ್ತ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮೇಡಂ, ಹಾಗಾದ್ರೆ ನಾವಿಬ್ರೂ ಒಟ್ಟಿಗೇ ಹೋಗಿ ಕೇಳೋಣ" ಎಂದಳು. ಹೋದೆವು. ನಮ್ಮ ಹಿಂದೆ ಇನ್ನೂ ಐದು ಜನ ಬಂದರು. ಅವರಲ್ಲಿ ಯಾರಿಗೆ ಎಷ್ಟು ಸಂಬಳವೆಂದು ಪರಸ್ಪರ ತಿಳಿದದ್ದು ಅವತ್ತೇ. ವರ್ಷಕ್ಕೊಂದು ನಿಗದಿಯಾದ ಬಡ್ತಿಯ ಬಗ್ಗೆ ಮುಂದಿನ ಸಭೆಯಲ್ಲಿ ಚರ್ಚಿಸುತ್ತೇವೆ ಎಂದು ಬರಹದಲ್ಲಿ ಕೊಟ್ಟಿದ್ದಾರೆ. ಇದು ಗೆಲುವಲ್ಲ, ಒಂದು ಕಾಗದ ಅಷ್ಟೇ. ಆದರೆ ಇಪ್ಪತ್ತೇಳು ವರ್ಷದಲ್ಲಿ ನನ್ನ ಸಂಬಳದ ವಿಷಯವಾಗಿ ನನ್ನ ಕೈಗೆ ಬಂದ ಮೊದಲ ಕಾಗದ ಅದು.

ಅದಕ್ಕೇ ಹೇಳುತ್ತೇನೆ, ಹೆಂಗಸಿನ ವಯಸ್ಸು ಕೇಳಿ, ಸಂಬಳವನ್ನೂ ಕೇಳಿ. ನೀವು ಮೊದಲು ನಿಮ್ಮದನ್ನು ಹೇಳಿ, ಆಮೇಲೆ ಪಕ್ಕದವಳದನ್ನು ಕೇಳಿ. ನನ್ನದನ್ನು ಈಗಾಗಲೇ ಹೇಳಿದ್ದೇನೆ.